ರಾಜನ ಹೆಸರಿನ ಮೇಲೆ ಕಪ್ಪು ಅಚ್ಚು: ಬುರುಂಡಿಯ ಈ ನೋಟು ಅಸಲಿಯಾ?

ಕಾಸಿನಸರ:
ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಅರವತ್ತರ ದಶಕದಲ್ಲಿ ದಾರ್ ಎಸ್ ಸಲಾಮ್‌ನಲ್ಲಿ ಹಡಗಿನ ಸರಕು ಸಾಗಿಸುವ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರು ಹೋದ ಮೇಲೆ ಅತ್ತೆ ಒಂದು ಆಲ್ಬಂ ತಂದು ಕೈಗಿಟ್ಟರು. "ನಿಂಗೇ ಇದರ ಹುಚ್ಚು, ನೀನೇ ಇಟ್ಕೋ" ಅಂದರು. ಹೆಚ್ಚಿನವು ಪೂರ್ವ ಆಫ್ರಿಕಾದ ಶಿಲ್ಲಿಂಗ್ ನೋಟುಗಳು. ಅವು ನನಗೆ ಗೊತ್ತು. ಒಂದೇ ಒಂದು ನೋಟು ತಲೆ ತಿನ್ನುತ್ತಿದೆ.

ಬುರುಂಡಿಯ 100 ಫ್ರಾಂಕ್. ನಡುವೆ ಒಬ್ಬ ಯುವಕನ ಮುಖ. ಬ್ಯಾಂಕಿನ ಹೆಸರಿರುವ ಕಡೆ ಕಪ್ಪು ಅಕ್ಷರಗಳನ್ನು ಹೊಡೆದಿದ್ದಾರೆ. ಬೆಳಕಿಗೆ ಹಿಡಿದರೆ ಅದರಡಿ ಬೇರೆ ಅಕ್ಷರಗಳು ಇಣುಕುತ್ತವೆ. ಯಾರೋ ಮನೆಯಲ್ಲಿ ರಬ್ಬರ್ ಸ್ಟ್ಯಾಂಪ್ ಹೊಡೆದ ಹಾಗೆ ಕಾಣುತ್ತದೆ. ಇದು ಅಸಲಿಯಾ? ಮಧ್ಯದಲ್ಲಿರೋದು ಅಲ್ಲಿನ ರಾಜನಾ?

ಭೂತಗನ್ನಡಿ:
ಸರ್, ಅಭಿನಂದನೆ. ನಿಮ್ಮ ಮಾವ ಸಾಮಾನ್ಯದವರಲ್ಲ. ನೀವು ಹೇಳಿದ್ದು ನೋಡಿದರೆ ಅದು 1966ರ ಕೊನೆಯ ಓವರ್‌ಪ್ರಿಂಟ್. ರಾಜಪ್ರಭುತ್ವ ಬಿದ್ದ ಮೇಲೆ ಹೊಸ ಸರ್ಕಾರಕ್ಕೆ ಹೊಸ ನೋಟು ಅಚ್ಚು ಹಾಕಿಸುವಷ್ಟು ಪುರುಸೊತ್ತು ಇರಲಿಲ್ಲ. ಇದ್ದ ನೋಟಿನ ಮೇಲೇ 'ರಾಜ್ಯದ' ಅನ್ನೋದನ್ನು ಮುಚ್ಚಿ 'ಗಣರಾಜ್ಯದ' ಅಂತ ಹೊಡೆದರು. 20, 50, 100, 500, 1000 ಫ್ರಾಂಕ್, ಈ ಐದು ನೋಟುಗಳಲ್ಲಿ ಇದು ಸಿಗುತ್ತದೆ.

ಆದರೆ ಅಸಲಿ ಅಂತ ಈಗಲೇ ಹೇಳಲಾರೆ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಇದೆಯಾ? ಇದ್ದರೆ ಮಡಿಕೆ ಬಿದ್ದ ಜಾಗದಲ್ಲಿ ಕಪ್ಪು ಅಕ್ಷರ ಹೇಗಿದೆ ನೋಡಿ ಹೇಳಿ. ಕಾರಣ ಆಮೇಲೆ ಹೇಳುತ್ತೇನೆ. ಮೊದಲೇ ಹೇಳಿದರೆ ನಿಮಗೆ ಬೇಕಾದ್ದೇ ಕಾಣುತ್ತದೆ 😀

ಫ್ರೆಂಚ್ ಟೀಚರ್:
ಅಡಿಯಲ್ಲಿ ಇಣುಕುತ್ತಿರುವ ಫ್ರೆಂಚ್ ಪದ 'ರ್ವಾಯೋಮ್' ಇರಬೇಕು. ರಾಜ್ಯ, ಅಂದರೆ ರಾಜ ಆಳುವ ನಾಡು. ಪೂರ್ತಿ ಹೆಸರು 'ಬಾಂಕ್ ದ್ಯು ರ್ವಾಯೋಮ್ ದ್ಯು ಬುರುಂಡಿ'. ಬುರುಂಡಿ ರಾಜ್ಯದ ಬ್ಯಾಂಕ್. ಮೇಲೆ ಹೊಡೆದದ್ದು 'ದ ಲಾ ರೆಪ್ಯುಬ್ಲೀಕ್'. ಅಲ್ಲಿನ ಜನರ ಕಿರುಂಡಿ ಭಾಷೆಯಲ್ಲೂ ಇದೇ ತಿದ್ದುಪಡಿ ಇದೆ, 'ಯಾ ರೆಪುಬ್ಲಿಕಾ' ಅಂತ.

ಕಿರುಂಡಿಯಲ್ಲಿ 'ಇಂಗೋಮ' ಅನ್ನೋ ಪದ ಇದೆ. ಅದಕ್ಕೆ ನಗಾರಿ ಅಂತಲೂ ಅರ್ಥ, ರಾಜ್ಯ ಅಂತಲೂ ಅರ್ಥ. ಅಲ್ಲಿ ರಾಜತ್ವದ ಗುರುತು ಕಿರೀಟ ಅಲ್ಲ, ಕರ್ಯೆಂಡ ಅನ್ನುವ ನಗಾರಿ. ಸ್ವಾತಂತ್ರ್ಯ ಬಂದಾಗಿನ ಬಾವುಟದ ನಟ್ಟನಡುವೆ ನಗಾರಿಯೇ ಇತ್ತು. 1966ರ ನವೆಂಬರ್‌ನಲ್ಲಿ ಅದನ್ನೂ ತೆಗೆದರು. ಬಾವುಟದಲ್ಲಿ ನಗಾರಿ ಹೋಯಿತು, ನೋಟಿನಲ್ಲಿ ರಾಜ್ಯ ಹೋಯಿತು. ಎರಡಕ್ಕೂ ಅವರಲ್ಲಿ ಒಂದೇ ಪದ ನೋಡಿ.

ಹಾಲಿಸಿಕ್ಕಾ:
ಎರಡೇ ವರ್ಷ ಬಾಳಿದ ಬ್ಯಾಂಕ್‌ರೀ ಅದು! 1964ರಾಗ ಹುಟ್ಟಿ 1966ರಾಗ ಹೆಸರು ಬದಲಾತು. ನೋಟಿನ ಮಸಿ ಆರೋದರೊಳಗ ರಾಜ ಇಲ್ಲ.

ನಮ್ಮ ಕಲಬುರಗಿ ಕಡೆ ಉಲ್ಟಾ ಆಗಿತ್ತು. ನಿಜಾಮರ ಆಳ್ವಿಕೆ 1948ಕ್ಕೆ ಮುಗೀತು, ಅವರ ರೂಪಾಯಿ, ಹಾಲಿ ಸಿಕ್ಕಾ, ಮಾತ್ರ 1959ರತನಕ ನಡೀತು. ನಮ್ಮ ಅಜ್ಜ ಲೆಕ್ಕ ಹೇಳುವಾಗ "ಹಾಲಿಯೋ ಕಲ್ದಾರೋ" ಅಂತ ಮೊದಲು ಕೇಳುತ್ತಿದ್ದರು. ಕಲ್ದಾರ ಅಂದ್ರ ಬ್ರಿಟಿಷರ ರೂಪಾಯಿ. ಏಳು ಹಾಲಿ ಕೊಟ್ಟರೆ ಆರು ಕಲ್ದಾರ. ರಾಜ ಹೋದರೂ ಹನ್ನೊಂದು ವರ್ಷ ರೊಕ್ಕ ಉಳೀತು.

ಗಡಿಯಾಚೆ:
ಎರಡು ವರ್ಷ ಅಂತ ನಗಬೇಡಿ ಸಾರ್. ಅದರ ಹಿಂದಿನ ಕಥೆಯೇ ರುಚಿ. ನಾನು ಕೆಲಸದ ಮೇಲೆ ರುವಾಂಡಾದ ಕಿಗಾಲಿ, ಬುರುಂಡಿಯ ಬುಜುಂಬುರಾ ಕಡೆ ಐದು ವರ್ಷ ಓಡಾಡಿದವನು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ರುವಾಂಡಾ, ಬುರುಂಡಿ ಎರಡೂ ಮೊದಲು ಜರ್ಮನಿಯ ಕೈಯಲ್ಲಿದ್ದವು. ಆಗ ಅಲ್ಲಿ ಓಡುತ್ತಿದ್ದ ದುಡ್ಡಿನ ಹೆಸರು ರುಪೀ. ಹೌದು, ನಮ್ಮ ರೂಪಾಯಿಯೇ ಮೂಲ. ಪೂರ್ವ ಆಫ್ರಿಕಾದ ಕರಾವಳಿಯಲ್ಲಿ ವ್ಯಾಪಾರವೆಲ್ಲ ಭಾರತದ ರೂಪಾಯಿಯಲ್ಲಿ ನಡೆಯುತ್ತಿದ್ದರಿಂದ ಜರ್ಮನರು ಅದೇ ಲೆಕ್ಕಕ್ಕೆ ತಮ್ಮ ನಾಣ್ಯ ಹೊರಡಿಸಿದರು. ಮೊದಲು ರುಪೀಗೆ 64 ಪೇಸ. ಅದೂ ನಮ್ಮದೇ ಪೈಸೆ ಅಲ್ವಾ. 1904ರಿಂದ ನೂರು ಹೆಲ್ಲರ್ ಮಾಡಿದರು. ಸ್ವಾಹಿಲಿಯಲ್ಲಿ ಇವತ್ತಿಗೂ ದುಡ್ಡಿಗೆ 'ಹೇಲ' ಅನ್ನುತ್ತಾರೆ. ಬುಜುಂಬುರಾ ಸಂತೆಯಲ್ಲಿ 'ಅಮಹೇರ' ಅನ್ನೋದು ದಿನಕ್ಕೆ ನೂರು ಸಲ ಕಿವಿಗೆ ಬೀಳುತ್ತಿತ್ತು.

1916ರಲ್ಲಿ ಬೆಲ್ಜಿಯಂನವರು ಬಂದರು. ಕಾಂಗೋದ ಫ್ರಾಂಕ್ ಇಲ್ಲಿಗೂ ಬಂತು. 1960ರ ಜೂನ್ 30ಕ್ಕೆ ಕಾಂಗೋ ಸ್ವತಂತ್ರವಾಯಿತಲ್ಲ, ಆಗ ಈ ಎರಡು ಪುಟ್ಟ ನಾಡುಗಳಿಗೆ ನೋಟು ಕೊಡುವವರು ಯಾರು? ಅದಕ್ಕಾಗಿ ರುವಾಂಡಾ ಮತ್ತು ಬುರುಂಡಿ ಎರಡಕ್ಕೂ ಸೇರಿ ಒಂದು ಬ್ಯಾಂಕ್ ಮಾಡಿದರು. ಆ ನೋಟುಗಳ ಅಂದ ನೋಡಬೇಕು. ಎಲ್ಲ ಪ್ರಾಣಿಗಳು! 10 ಫ್ರಾಂಕ್‌ನಲ್ಲಿ ನೀರಾನೆ, 20ರಲ್ಲಿ ಮೊಸಳೆ, 500ರಲ್ಲಿ ಘೇಂಡಾಮೃಗ, 1000ದಲ್ಲಿ ಜೀಬ್ರಾ. ಯಾರ ಮುಖವೂ ಇಲ್ಲ. ಯಾರ ಮುಖ ಹಾಕೋದು ಹೇಳಿ? ಆ ಹೊತ್ತಿಗೆ ರುವಾಂಡಾ ತನ್ನ ರಾಜನನ್ನು ಓಡಿಸುವ ಹಾದಿಯಲ್ಲಿತ್ತು. 1961ರಲ್ಲಿ ಓಡಿಸಿಯೂ ಬಿಟ್ಟಿತು. ಬುರುಂಡಿ ತನ್ನ ರಾಜನನ್ನು ಉಳಿಸಿಕೊಂಡಿತು. 1962ರ ಜುಲೈ 1ರಂದು ಒಂದೇ ದಿನ ಎರಡೂ ಸ್ವತಂತ್ರವಾದವು. ಒಂದು ಗಣರಾಜ್ಯ, ಒಂದು ರಾಜ್ಯ. ಜೇಬಿನಲ್ಲಿ ಮಾತ್ರ ಒಂದೇ ನೋಟು. ಘೇಂಡಾಮೃಗಕ್ಕೆ ರಾಜನೂ ಒಂದೇ, ಅಧ್ಯಕ್ಷನೂ ಒಂದೇ.

ಇಬ್ಬರಿಗೂ ಆಗಿಬರಲಿಲ್ಲ. 1964ಕ್ಕೆ ಪಾಲಾದರು. ಪಾಲಿನಲ್ಲಿ ಬಂದ ಹಳೇ ನೋಟಿನ ಮೇಲೆ ಬುರುಂಡಿಯವರು ಓರೆಯಾಗಿ 'ಬುರುಂಡಿ' ಅಂತ ಹೊಡೆದರು. ರುವಾಂಡಾದವರು ತಮ್ಮ ಬ್ಯಾಂಕಿನ ಹೆಸರು ಹೊಡೆದರು. ಅದಾದ ಮೇಲೆ ಬಂದದ್ದೇ ಈ ರಾಜ್ಯದ ಬ್ಯಾಂಕಿನ ಸ್ವಂತ ನೋಟು. ಅಂದರೆ ಬುರುಂಡಿ ಮೂರೇ ವರ್ಷದಲ್ಲಿ ಎರಡು ಸಲ ತನ್ನ ನೋಟಿನ ಮೇಲೆ ಅಚ್ಚೊತ್ತಿತು. ಮೊದಲ ಸಲ ನೆರೆಯವನಿಂದ ಬೇರೆಯಾಗೋಕೆ, ಎರಡನೇ ಸಲ ರಾಜನಿಂದ ಬೇರೆಯಾಗೋಕೆ.

ಮಲ್ನಾಡ್ ಕಾಫಿ:
ನನ್ನ ಹತ್ತಿರ ಆ ಸ್ವಂತ ನೋಟಿನ ಪೈಕಿ 5 ಫ್ರಾಂಕ್ ಇದೆ. ಇಬ್ಬರು ಹುಡುಗರು ಕಾಫಿ ಹಣ್ಣು ಕುಯ್ಯುತ್ತಿರುವ ಚಿತ್ರ. ನಾನು ತಗೊಂಡಿದ್ದೇ ಅದಕ್ಕೆ! ರಾಜನೂ ಬೇಡ, ಗಣರಾಜ್ಯವೂ ಬೇಡ ನನಗೆ, ಕಾಫಿ ಇದ್ದರೆ ಸಾಕು. ಅಲ್ಲೂ ನಮ್ಮ ಹಾಗೇ ಅರೇಬಿಕಾ. ಮೂವತ್ತರ ದಶಕದಲ್ಲಿ ಬೆಲ್ಜಿಯಂನವರು ರೈತರ ಕೈಯಲ್ಲಿ ಬಲವಂತವಾಗಿ ಗಿಡ ನೆಡಿಸಿದರಂತೆ. ಆಮೇಲೆ ದೇಶದ ರಫ್ತೆಲ್ಲ ಅದರ ಮೇಲೇ ನಿಂತಿತು. ಸಣ್ಣ ನೋಟಿನ ಮೇಲೆ ಬೆವರು ಸುರಿಸುವವರು, ದೊಡ್ಡ ನೋಟಿನ ಮೇಲೆ ರಾಜ. ಎಲ್ಲ ಕಡೆ ಹೀಗೇನಾ?

ಕಾಸಿನಸರ:
ಲೂಪ್‌ನಲ್ಲಿ ನೋಡಿದೆ. ಸುಮಾರು ಅರ್ಧ ಗಂಟೆ. ನಮ್ಮನೆಯವರು ಊಟಕ್ಕೆ ಮೂರು ಸಲ ಕರೆದರು.

ನೋಟು ಸರಿಯಾಗಿ ಮಧ್ಯಕ್ಕೆ ಒಂದು ಸಲ, ಆಮೇಲೆ ಇನ್ನೊಂದು ಸಲ ಮಡಚಿದ್ದಾರೆ. ಒಂದು ಮಡಿಕೆ ಕಪ್ಪು ಅಕ್ಷರದ ಮೇಲೇ ಹಾದು ಹೋಗುತ್ತದೆ. ಅಲ್ಲಿ ಕಪ್ಪು ಬಣ್ಣ ಬಿರುಕು ಬಿಟ್ಟು, ಒಳಗಿನ ಕಾಗದದ ಬಿಳಿ ನಾರು ಕಾಣುತ್ತದೆ. ಅಡಿಯ ಹಳೇ ಅಕ್ಷರವೂ ಅದೇ ಗೆರೆಯಲ್ಲಿ ಒಡೆದಿದೆ. ಇನ್ನೊಂದು, ನೋಟು ತಿರುಗಿಸಿ ಓರೆ ಬೆಳಕಿಗೆ ಹಿಡಿದರೆ ಅಕ್ಷರ ಒತ್ತಿದ ಕಡೆ ಹಿಂಬದಿ ಸ್ವಲ್ಪ ಉಬ್ಬಿದೆ. ಬೆರಳಿಗೆ ಗೊತ್ತಾಗಲ್ಲ, ಕಣ್ಣಿಗೆ ಗೊತ್ತಾಗುತ್ತದೆ. ತಾರೀಖು 1965ರದು. ಇದೇ ನನಗೆ ಗೊಂದಲ. ಗಣರಾಜ್ಯ ಆಗಿದ್ದು 66ರಲ್ಲಿ ಅಲ್ವಾ?

ಭೂತಗನ್ನಡಿ:
ಇದೇ ಬೇಕಿತ್ತು ನನಗೆ. ಈಗ ಕಾರಣ ಹೇಳುತ್ತೇನೆ.

ನಕಲಿ ಮಾಡುವವರು ಏನು ಮಾಡುತ್ತಾರೆ ಅಂದರೆ, ಬಳಸಿ ಸವೆದ ರಾಜನ ಕಾಲದ ನೋಟು ಕಡಿಮೆಗೆ ತಗೊಂಡು, ಅದರ ಮೇಲೆ ಈಗ ಕಪ್ಪು ಹೊಡೆಯುತ್ತಾರೆ. ಆಗ ಮಸಿ ಹಳೇ ಮಡಿಕೆಯ ಬಿರುಕಿನೊಳಗೆ ಇಳಿದು ಬಿಳಿ ನಾರನ್ನೂ ಕಪ್ಪು ಮಾಡುತ್ತದೆ. ಕೊಳೆಯ ಮೇಲೆ ಮಸಿ ಕೂರುತ್ತದೆ. ನಿಮ್ಮದರಲ್ಲಿ ಮಸಿಯೇ ಒಡೆದಿದೆ. ಅಂದರೆ ಮೊದಲು ಅಚ್ಚು, ಆಮೇಲೆ ಮಡಿಕೆ. ಹಿಂಬದಿ ಉಬ್ಬಿದ್ದು ಅಚ್ಚುಮೊಳೆ ಒತ್ತಿದ ಗುರುತು. ರಬ್ಬರ್ ಸ್ಟ್ಯಾಂಪ್ ಹಾಗೆ ಒತ್ತಲ್ಲ, ಇಂಕ್‌ಜೆಟ್ ಅಂತೂ ಇಲ್ಲವೇ ಇಲ್ಲ. ನೋಟು ಕೈಯಲ್ಲಿಲ್ಲದೆ ಪೂರ್ತಿ ಖಾತ್ರಿ ಕೊಡೋಕಾಗಲ್ಲ. ಆದರೆ ನನ್ನದಾಗಿದ್ದರೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ.

ತಾರೀಖಿನ ವಿಷಯಕ್ಕೆ ಗೊಂದಲ ಬೇಡ. ಅದು ರಾಜನ ಬ್ಯಾಂಕು ಮೊದಲು ಅಚ್ಚು ಹಾಕಿಸಿದಾಗಿನ ತಾರೀಖು. ಅದನ್ನು ಯಾರೂ ತಿದ್ದಲಿಲ್ಲ. ನಮ್ಮಲ್ಲೂ ಇಂಥದ್ದು ಆಗಿದೆ. 1948ರಲ್ಲಿ ಪಾಕಿಸ್ತಾನಕ್ಕೆ ನೋಟು ಬೇಕಾದಾಗ ನಾಸಿಕ್‌ನಲ್ಲೇ, ಆರನೇ ಜಾರ್ಜ್ ಇರುವ ನೋಟಿನ ಮೇಲೇ 'ಪಾಕಿಸ್ತಾನ ಸರ್ಕಾರ' ಅಂತ ಸೇರಿಸಿ ಕೊಟ್ಟಿದ್ದರು.

ಹೊಸಬ ಸಂಗ್ರಾಹಕ:
ನನ್ನ ಗೋಳೂ ಕೇಳಿ. ಹೋದ ವರ್ಷ ಒಂದು ನಾಣ್ಯ ಮೇಳದಲ್ಲಿ ಇದೇ ಥರದ 20 ಫ್ರಾಂಕ್ ತಗೊಂಡೆ, ನಡುವೆ ಕುಣಿಯುವವನ ಚಿತ್ರ ಇರೋದು. ಅಂಗಡಿಯವರು "ಅಪರೂಪ ಸರ್, ಬೇರೆಯವರು ಕೇಳ್ತಾ ಇದಾರೆ" ಅಂದರು. ಈಗ ಭೂತಗನ್ನಡಿಯವರು ಹೇಳಿದ ಹಾಗೆ ನೋಡಿದೆ. ಮಡಿಕೆಯೊಳಗೆಲ್ಲ ಮಸಿ. ಹತ್ತಿಗೆ ಸ್ವಲ್ಪ ನೀರು ಮುಟ್ಟಿಸಿದೆ, ಹತ್ತಿ ನೀಲಿಯಾಯಿತು. ಕಪ್ಪು ಮಸಿಯಲ್ಲಿ ನೀಲಿ!

ಭೂತಗನ್ನಡಿ:
ಅಯ್ಯೋ. ಸ್ಟ್ಯಾಂಪ್ ಪ್ಯಾಡ್ ಮಸಿ ಅದು. ಬೇಜಾರು ಮಾಡ್ಕೋಬೇಡಿ, ಅಡಿಯಲ್ಲಿರುವ ನೋಟಾದರೂ ಅಸಲಿ ಇರಬಹುದು. ಆದರೆ ದಯವಿಟ್ಟು ಇನ್ನು ಯಾವ ನೋಟಿಗೂ ನೀರು ಮುಟ್ಟಿಸಬೇಡಿ.

ಹಾಲಿಸಿಕ್ಕಾ:
ಮೂಲ ಪ್ರಶ್ನೆ ಹಾಗೇ ಉಳೀತಲ್ರೀ. ನಡುವೆ ಇರೋ ಮುಖ ಯಾರದು? ರಾಜನದೇ ಆದ್ರ, ಹೆಸರು ಅಳಿಸಿ ಮುಖ ಯಾಕ ಬಿಟ್ಟರು?

ಗಡಿಯಾಚೆ:
ಅದು ರಾಜ ಅಲ್ಲ. ರಾಜನ ಮಗ. ರಾಜಕುಮಾರ ಲೂಯಿ ರ್ವಾಗಸೋರೆ. ನಾನು ಇಷ್ಟು ಹೊತ್ತು ಬರೆದಿದ್ದೇ ಈ ಮನುಷ್ಯನ ಹತ್ತಿರ ಬರೋಕೆ.

ಅಪ್ಪ ನಾಲ್ಕನೇ ಮ್ವಾಂಬುತ್ಸ. 1915ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಅಂಬೆಗಾಲು ಬಿಟ್ಟು ನಡೆಯಲು ಕಲಿತ ಕೂಸು. ಐವತ್ತು ವರ್ಷ ರಾಜನಾಗಿದ್ದ. ಮಗ ರ್ವಾಗಸೋರೆ ಅರಮನೆಯಲ್ಲಿ ಕೂರಲಿಲ್ಲ, ಉಪ್ರೋನಾ ಪಕ್ಷದ ಮುಖಂಡನಾಗಿ ಸ್ವಾತಂತ್ರ್ಯ ಕೇಳುತ್ತ ಊರೂರು ತಿರುಗಿದ. ಬೆಲ್ಜಿಯಂನವರಿಗೆ ಕಣ್ಣುರಿ. 1961ರ ಸೆಪ್ಟೆಂಬರ್ ಚುನಾವಣೆಯಲ್ಲಿ ಭಾರಿ ಗೆಲುವು, ಪ್ರಧಾನಿಯಾದ. ಅಕ್ಟೋಬರ್ 13ರ ರಾತ್ರಿ ಟಾಂಗನ್ಯೀಕಾ ಸರೋವರದ ದಡದ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದಾಗ ಒಬ್ಬ ಗ್ರೀಕ್ ಬಂದೂಕುಧಾರಿ ಗುಂಡು ಹೊಡೆದ. 29 ವರ್ಷ. ಸ್ವಾತಂತ್ರ್ಯಕ್ಕೆ ಇನ್ನೂ ಎಂಟೂವರೆ ತಿಂಗಳಿತ್ತು. ಅದಕ್ಕೆ 100 ಫ್ರಾಂಕ್ ಮೇಲೆ ಅವನು, 1000 ಫ್ರಾಂಕ್ ಮೇಲೆ ಅಪ್ಪ.

ಈಗ 1966 ನೋಡಿ. ಜುಲೈನಲ್ಲಿ ರಾಜ ಯುರೋಪಿನಲ್ಲಿದ್ದಾಗ ಇನ್ನೊಬ್ಬ ಮಗನೇ ಅಪ್ಪನನ್ನು ಇಳಿಸಿದ. ಸೆಪ್ಟೆಂಬರ್ 1ಕ್ಕೆ ಐದನೇ ನ್ತಾರೆ ಅಂತ ಪಟ್ಟ ಕಟ್ಟಿಸಿಕೊಂಡ. ಮೂರು ತಿಂಗಳು ತುಂಬಲಿಲ್ಲ. ನವೆಂಬರ್ 28ಕ್ಕೆ ಅವನು ಕಾಂಗೋದಲ್ಲಿದ್ದಾಗ ಪ್ರಧಾನಿ ಮಿಚೆಲ್ ಮಿಕೊಂಬೆರೊ ಗಣರಾಜ್ಯ ಘೋಷಿಸಿದ. ಊರು ಬಿಟ್ಟು ಹೋದ ರಾಜನಿಗೆಲ್ಲ ಇದೇ ಗತಿ ಆಗಿದೆ ಅಲ್ಲಿ.

ಮಿಕೊಂಬೆರೊ ಕೈಗೆ ಬಂದದ್ದು ಕಟ್ಟುಗಟ್ಟಲೆ ರಾಜನ ನೋಟು. 1000 ಫ್ರಾಂಕ್ ಮೇಲೆ ಹೊಡೆದ ಓವರ್‌ಪ್ರಿಂಟ್ ತಮಾಷೆಯಾಗಿದೆ. ಹೆಸರು ಗಣರಾಜ್ಯದ್ದು, ಮುಖ ಮಾತ್ರ ಓಡಿಸಿದ ರಾಜನದೇ. ಹೊಸ ನೋಟು ಅಚ್ಚಾದಾಗ ಆ ಮುಖ ಹೋಯಿತು. 100 ಫ್ರಾಂಕ್‌ನ ಮಗನ ಮುಖ ಹೋಗಲಿಲ್ಲ. ಎಪ್ಪತ್ತರ ದಶಕದ ನೋಟಿನಲ್ಲೂ ಅವನೇ, ತೊಂಬತ್ತರಲ್ಲೂ ಅವನೇ. ನಾನು ಅಲ್ಲಿದ್ದಾಗ ಬಾಳೆಹಣ್ಣಿನವಳು ಚಿಲ್ಲರೆ ಕೊಡುತ್ತಿದ್ದ 100 ಫ್ರಾಂಕ್ ಬಟ್ಟೆಯ ಹಾಗೆ ಮೆತ್ತಗಾಗಿರುತ್ತಿತ್ತು. ಮೂಗು, ಬಾಯಿ ಎಲ್ಲ ಸವೆದು ಹೋಗಿ ಕಣ್ಣು ಮಾತ್ರ ಉಳಿದಿರುತ್ತಿದ್ದವು.

ಫ್ರೆಂಚ್ ಟೀಚರ್:
ಆದರೆ ರಾಜವಂಶವೇ ಬೇಡ ಅಂದವರು ರಾಜಕುಮಾರನನ್ನು ಯಾಕೆ ಇಟ್ಟುಕೊಂಡರು? ಪ್ರೀತಿಯಿಂದ ಅಂತೀರಾ?

ಗಡಿಯಾಚೆ:
ಪ್ರೀತಿಯೂ ಇತ್ತು ಮೇಡಂ, ಜನರಲ್ಲಿ. ಸರ್ಕಾರಕ್ಕೆ ಲೆಕ್ಕಾಚಾರ. ಉಪ್ರೋನಾ ಅವನು ಬೆಳೆಸಿದ ಪಕ್ಷ. 1966ರ ನವೆಂಬರ್‌ನಲ್ಲಿ ಅದನ್ನೇ ದೇಶದ ಏಕೈಕ ಪಕ್ಷ ಮಾಡಿದರು. ಪಕ್ಷ ಬೇಕು, ನಾಯಕನ ಹೆಸರು ಬೇಕು, ಅವನ ಅಪ್ಪ ಬೇಡ. ಸತ್ತವನು ಸಿಂಹಾಸನ ಕೇಳಲ್ಲ. ನನ್ನ ಅಭಿಪ್ರಾಯ ಇದು, ಒಪ್ಪಲೇಬೇಕು ಅಂತಿಲ್ಲ.

2004ರಲ್ಲಿ 10,000 ಫ್ರಾಂಕ್ ನೋಟು ಬಂತು. ಅದರ ಮೇಲೆ ರ್ವಾಗಸೋರೆ ಜೊತೆ ಇನ್ನೊಬ್ಬರನ್ನು ಹಾಕಿದರು, ಅಧ್ಯಕ್ಷ ಮೆಲ್ಕಿಯೋರ್ ನ್ದದಾಯೆ. 1993ರಲ್ಲಿ ಗೆದ್ದು ಬಂದವರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸೈನಿಕರು ಕೊಂದರು. ಇಬ್ಬರೂ ಗೆದ್ದವರು, ಇಬ್ಬರೂ ಅಕ್ಟೋಬರ್‌ನಲ್ಲೇ ಹತರಾದವರು.

ಮಲ್ನಾಡ್ ಕಾಫಿ:
100ರಿಂದ 10,000ಕ್ಕೆ ಬಡ್ತಿ. ಬೆಲೆ ಏರಿಕೆ ಅಂದರೆ ಇದು.

ಅತ್ತ ಮ್ವಾಂಬುತ್ಸ ಏನಾದ?

ಗಡಿಯಾಚೆ:
ಸ್ವಿಟ್ಜರ್ಲೆಂಡಿನಲ್ಲೇ ಉಳಿದ, 1977ರಲ್ಲಿ ತೀರಿಕೊಂಡ. ಜಿನೀವಾ ಹತ್ತಿರ ಮಣ್ಣು ಮಾಡಿದರು. 2012ರಲ್ಲಿ ಬುರುಂಡಿಗೆ ಒಯ್ಯಬೇಕು ಅಂತ ಗೋರಿಯಿಂದ ತೆಗೆದರು. ಮನೆಯವರಲ್ಲೇ ಜಗಳ ಬಿತ್ತು, ಕೋರ್ಟಿಗೆ ಹೋಯಿತು. ಊರಿಗೆ ಒಯ್ಯಬೇಡಿ ಅಂತ ಅವನೇ ಹೇಳಿದ್ದನಂತೆ. ಕಡೆಗೆ ಅಲ್ಲೇ ಮತ್ತೆ ಮಣ್ಣಾಯಿತು.

ದಕ್ಷಿಣಾಯಣ:
ತಡವಾಗಿ ಬಂದೆ, ಕ್ಷಮಿಸಿ. ಹೊಸ ರಾಜ್ಯ ಅಂದ ತಕ್ಷಣ ಮೊದಲ ದಿನವೇ ಸ್ವಂತ ನೋಟು ಇರುತ್ತೆ ಅಂದುಕೊಳ್ಳುತ್ತೇವೆ. ನನ್ನ ಆಲ್ಬಂನಲ್ಲಿ ಹಾಗಾದದ್ದು ಕಡಿಮೆ. ಲೆಸೋತೊ 1966ರಲ್ಲಿ ಸ್ವತಂತ್ರವಾಯಿತು. ಅದೇ ವರ್ಷ ಸಂಗ್ರಾಹಕರಿಗಾಗಿ ಬೆಳ್ಳಿ, ಚಿನ್ನದ ನಾಣ್ಯ ಹೊಡೆಸಿತು, ಅದರ ಮೇಲೆ 'ಮಲೋತಿ' ಅಂತ ಹೆಸರೂ ಇತ್ತು. ಆದರೆ ಸಂತೆಯಲ್ಲಿ ಓಡುತ್ತಿದ್ದದ್ದು ದಕ್ಷಿಣ ಆಫ್ರಿಕಾದ ರ‍್ಯಾಂಡ್. ಮಲೋತಿ ನೋಟು ಜನರ ಕೈಗೆ ಬಂದದ್ದು 1980ರಲ್ಲಿ. ಹೆಸರಿಟ್ಟು ಹದಿನಾಲ್ಕು ವರ್ಷಕ್ಕೆ ಮಗು ಹುಟ್ಟಿತು!

ಸ್ವಾಜಿಲ್ಯಾಂಡ್ 1968ರಲ್ಲಿ ಸ್ವತಂತ್ರ, ನೋಟು 1974ರ ಸೆಪ್ಟೆಂಬರ್‌ನಲ್ಲಿ. ರಾಜ ಎರಡನೇ ಸೊಬುಜನ ಮುಖ. ಆ ನೋಟಿನಲ್ಲಿ ನನಗೆ ಇಷ್ಟವಾದದ್ದು ವ್ಯಾಕರಣ. ಒಂದು ಆದರೆ 'ಲಿಲಂಗೇನಿ', ಎರಡಾದರೆ 'ಎಮಲಂಗೇನಿ'. ಆದ್ದರಿಂದ ಒಂದರ ನೋಟಿನ ಮೇಲೆ ಅಂಕಿಯ ಮುಂದೆ 'ಎಲ್', ಎರಡರಿಂದ ಮೇಲೆ 'ಇ'. ನಾವು ಒಂದಕ್ಕೂ ರೂಪಾಯಿ, ನೂರಕ್ಕೂ ರೂಪಾಯಿ ಅಂತೀವಿ. ಅವರಲ್ಲಿ ಎರಡನೆಯದು ಕೈಗೆ ಬಂದ ಕೂಡಲೇ ಪದವೇ ಬದಲು.

ಹಾಲಿಸಿಕ್ಕಾ:
ಅವರ ರಾಜ ಇನ್ನೂ ಇದಾನೇನ್ರೀ?

ದಕ್ಷಿಣಾಯಣ:
ಇದ್ದಾರೆ. ಸೊಬುಜನ ಮಗ ಮೂರನೇ ಮ್ಸ್ವಾತಿ, 1986ರಿಂದ. ಅಲ್ಲಿ ರಾಜ ಬದಲಾಗಲಿಲ್ಲ, ದೇಶದ ಹೆಸರೇ ಬದಲಾಯಿತು. 2018ರಲ್ಲಿ ಎಸ್ವಾತಿನಿ ಅಂತ ಮಾಡಿದರು. ಹಾಗಾಗಿ ಅವರೂ ನೋಟು ಬದಲಿಸಬೇಕಾಯಿತು 😀

ಕಾಸಿನಸರ:
ಎಲ್ಲರಿಗೂ ಧನ್ಯವಾದ. ಮಾವನ ಕೈಗೆ ಈ ನೋಟು ಹೇಗೆ ಬಂತು ಅನ್ನೋದೂ ಹೊಳೆಯಿತು. ಬುರುಂಡಿಗೆ ಸಮುದ್ರ ಇಲ್ಲ. ಬುಜುಂಬುರಾದಿಂದ ಕಾಫಿ ಮೂಟೆ ದೋಣಿಯಲ್ಲಿ ಸರೋವರ ದಾಟಿ ತಾಂಜಾನಿಯಾದ ಕಿಗೋಮಾಗೆ, ಅಲ್ಲಿಂದ ರೈಲಿನಲ್ಲಿ ದಾರ್ ಎಸ್ ಸಲಾಮ್‌ಗೆ ಬರುತ್ತಿತ್ತಂತೆ. ಅತ್ತೆಗೆ ಕೇಳಿದೆ. "ಹೌದಪ್ಪ, ಮನೆಗೆ ಬಂದಾಗ ಅವರ ಷರಟೆಲ್ಲ ಹಸಿ ಕಾಫಿ ಬೀಜದ ವಾಸನೆ ಹೊಡೀತಿತ್ತು" ಅಂದರು.

ಅದೇ ಪುಟದ ಹಿಂದೆ ಒಂದು ಹಿತ್ತಾಳೆ ಬಣ್ಣದ ನಾಣ್ಯ ಅಂಟಿಕೊಂಡಿತ್ತು. 1 ಫ್ರಾಂಕ್, 1961, ಒಂದು ಸಿಂಹ. ಇದೂ ರಾಜನದಾ?

ಭೂತಗನ್ನಡಿ:
ಅಲ್ಲ. ಗಡಿಯಾಚೆ ಹೇಳಿದ ಜಂಟಿ ಬ್ಯಾಂಕಿನ ನಾಣ್ಯ, ಇನ್ನೂ ಪಾಲಾಗದ ಕಾಲದ್ದು. ತುಂಬಾ ಸಿಗುತ್ತದೆ, ಬೆಲೆ ಜಾಸ್ತಿ ಇಲ್ಲ. ಅಂಟಿಕೊಂಡಿತ್ತು ಅಂದಿರಲ್ಲ, ಅದೇ ಭಯ ನನಗೆ. ಆ ಆಲ್ಬಂ ಹಾಳೆ ಪಿವಿಸಿ ಇರಬೇಕು. ಹಳತಾದರೆ ಜಿಡ್ಡು ಬಿಡುತ್ತದೆ, ನೋಟನ್ನು ಹಾಳು ಮಾಡುತ್ತದೆ. ಇವತ್ತೇ ತೆಗೆದು ಪಾಲಿಯೆಸ್ಟರ್ ಕವರಿಗೆ ಹಾಕಿ. ಎಳೆಯಬೇಡಿ, ಹಾಳೆಯನ್ನು ಅಂಚಿನಿಂದ ಕತ್ತರಿಸಿ ಬಿಡಿಸಿ.

ಗಡಿಯಾಚೆ:
ಕಿರುಂಡಿಯಲ್ಲಿ ಸಿಂಹಕ್ಕೆ 'ಇಂತಾರೆ' ಅನ್ನುತ್ತಾರೆ. ಮೂರು ತಿಂಗಳ ರಾಜ ನ್ತಾರೆ ಇದ್ದನಲ್ಲ, ಅವನ ಹೆಸರೂ ಅದೇ. ನಾಣ್ಯಕ್ಕೂ ಅವನಿಗೂ ಸಂಬಂಧ ಇಲ್ಲ, ಸುಮ್ನೆ ನೆನಪಾಯಿತು.

ಕಾಸಿನಸರ:
ಕತ್ತರಿ ತಂದೆ. ನೋಟು ಸಲೀಸಾಗಿ ಬಂತು. ಸಿಂಹ ಇನ್ನೂ ಬಿಡುತ್ತಿಲ್ಲ.